ಆರತಕ್ಷತೆಗೆ ತಕ್ಕ ಸ್ಥಳ

ಮಗಳ ಆರತಕ್ಷತೆಗೆ ಸ್ಥಳವನ್ನರಸುತ್ತ ನಾವು ಎರಡು ದಿವಸ ಬೆಂಗಳೂರಿನಲ್ಲಿ ಸಂಚರಿಸಿದೆವು. ಮೊದಲು ಅರಮನೆ ಮೈದಾನವನ್ನು ಕಂಡೆವು. ಅಲ್ಲಿಯ ಮಂಟಪಗಳ ವೈಭವವು ಕಣ್ಣಿಗೆ ಹಬ್ಬವೇ ಸರಿ. ಆದರೆ ಬಳ್ಳಾರಿ ರಸ್ತೆಯ ಸಾಯಂಕಾಲದ ವಾಹನಸಂದಣಿಯು ಯಾರ ಮುಹೂರ್ತವನ್ನೂ ಅರಿಯದು. ಮರುದಿನ, 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿಗೆ ಹೋದೆವು. ಮೆಜೆಸ್ಟಿಕ್ಕಿನಿಂದ ಮೂರನೆಯದಾದ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣವು 2017ರಲ್ಲಿ ತೆರೆದುದರಿಂದ ಪರಸ್ಥಳದವರಿಗೆ ಪ್ರಯಾಣವು ಸುಲಭ. ಅಲ್ಲಿಗೆ ಸಮೀಪದಲ್ಲೊಂದು ಹಳೆಯ ಛತ್ರ. ಅಲಂಕಾರವು ಅಲ್ಪ, ಊಟದ ಮನೆ ಮಾತ್ರ ನೆಲದ ಮಟ್ಟದಲ್ಲಿಯೇ ಇದೆ. ನಮ್ಮ ಅಕ್ಕನವರಿಗೆ 78 ವರ್ಷ, ಮೆಟ್ಟಿಲು ಹತ್ತಲಾರರು. ಮಗಳನ್ನು ಎತ್ತಿ ಆಡಿಸಿದವರು ಅವರೇ. ಅತಿಥಿಯನ್ನು ದೇವರೆಂದ ಮೇಲೆ ದೇವರನ್ನು ಮೆಟ್ಟಿಲ ಕೆಳಗೆ ನಿಲ್ಲಿಸುವುದುಂಟೆ? ಆ ಛತ್ರಕ್ಕೇ ಮುಂಗಡವನ್ನು ಕೊಟ್ಟೆವು. ವಾಚಕರೂ ಸ್ಥಳವನ್ನು ನೋಡಹೋಗುವಾಗ ಮನೆಯ ಹಿರಿಯರೊಬ್ಬರನ್ನು ಸಂಗಡ ಕರೆದೊಯ್ಯಲಿ.