ಕನ್ನಡಿ ಚೂರಿನ ಹುಡುಗ

ಗದಗಿನ ಸೀಮೆಯ ಒಂದು ಹೈಸ್ಕೂಲು. 1979ರ ಡಿಸೆಂಬರಿನಲ್ಲಿ ಅದರ ಸ್ಕೌಟ್ ಹುಡುಗರು ಊರ ಹೊರಗಿನ ತೋಪಿನಲ್ಲಿ ಮೂರು ದಿನದ ಕ್ಯಾಂಪು ಹೂಡಿದ್ದರು. ಕ್ಯಾಂಪಿನಲ್ಲಿ ನಡೆಯುವುದೆಲ್ಲ ನಡೆಯಿತು. ಒಬ್ಬ ಮನೆ ನೆನೆದು ಅತ್ತ. ಒಬ್ಬ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಚಾದರದ ಮುಸುಕಿನೊಳಗೆ ಒಬ್ಬನೇ ತಿಂದ. ಇನ್ನೊಬ್ಬ ನಿದ್ದೆಗಣ್ಣಿನಲ್ಲಿ ಎದ್ದುಹೋಗಿ ಮಾಸ್ತರ ಪಕ್ಕದಲ್ಲೇ ಮಲಗಿದ. ಇವನ್ನೆಲ್ಲ ನಕ್ಕು ಬಿಡಬಹುದಿತ್ತು. ಆದರೆ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಕೈವಾರದ ಮೊನೆಯಿಂದ ಹೊಸ ಡೇರೆಗೆ ತೂತು ಕೊರೆದಿದ್ದ.

“ಒಳಗ ಬಂದು ನೋಡ್ರಿ ಸರ್, ಗಿಡ ತಲಿಕೆಳಗಾಗಿ ಕಾಣ್ತದ” ಎಂದ.

ವಿಜ್ಞಾನದ ಮಾಸ್ತರು ಒಳಗೆ ಹೋಗಿ ನೋಡಲಿಲ್ಲ. ಹಾಸಿಗೆ ಸುರುಳಿ ತಲೆಯ ಮೇಲೆ ಹೊರಿಸಿ ಅವನನ್ನು ಮನೆಗೆ ಅಟ್ಟಿದರು. ಬೆಳಕು ನೇರವಾಗಿ ಹೋಗುವುದರಿಂದ ಸಣ್ಣ ರಂಧ್ರದ ಮೂಲಕ ಬಂದ ಬಿಂಬ ತಲೆಕೆಳಗಾಗುತ್ತದೆ ಎಂಬುದನ್ನು, ಬೋರ್ಡಿನ ಮೇಲೆ ಚಿತ್ರ ಬರೆದು, ಆ ವರ್ಷ ಕಲಿಸಿದವರೂ ಅವರೇ!

ಊರಿಗೆ ಬಂದ ಮೇಲೆ ಹುಡುಗ ಒಡೆದ ಕನ್ನಡಿಯ ಹಿಂದೆ ಬಿದ್ದ. ಕ್ಲಾಸಿನ ಸೂರಿನ ಮೇಲೆ, ಹೆಡ್‌ಮಾಸ್ತರ ಟೊಪ್ಪಿಗೆಯ ಮೇಲೆ ಬೆಳಕು ಕುಣಿಯಿತು. ಮಾಸ್ತರು ನಾಲ್ಕು ಚೂರು ಕಸಿದು ಮೇಜಿನ ಖಾನೆಗೆ ಹಾಕಿದರು. “ಚೂರು ಮುಮ್ಮೂಲಿ ಐತಿ, ದೂರದ ಗೋಡಿ ಮ್ಯಾಲ ಬೆಳಕು ಯಾಕ ದುಂಡಗ ಬೀಳ್ತದರಿ?” ಎಂದು ಕೇಳಿದ್ದಕ್ಕೆ ಅಂಗೈ ಮೇಲೆ ಎರಡು ಏಟು ಬಿತ್ತು. ಪ್ರಶ್ನೆ ಒಳ್ಳೆಯದೇ. ಆದರೆ ಉಡಾಳನ ಬಾಯಿಂದ ಬಂದರೆ ಒಳ್ಳೆಯ ಪ್ರಶ್ನೆಯೂ ಅಧಿಕಪ್ರಸಂಗವಾಗುತ್ತದೆ.

1980ರ ಫೆಬ್ರುವರಿ 16, ಶನಿವಾರ, ಖಗ್ರಾಸ ಸೂರ್ಯಗ್ರಹಣ. ರಾಯಚೂರಿನ ಕಡೆ ಜವಳಗೇರಾದಲ್ಲಿ ವಿಜ್ಞಾನಿಗಳು ದುರ್ಬೀನು ಹೂಡಿ ಕಾದಿದ್ದರು. ಊರಲ್ಲಿ ಮಾತ್ರ ಮನೆಮನೆಯ ಕದ ಮುಚ್ಚಿತ್ತು. ಬೋರ್ಡಿಂಗಿನ ಹುಡುಗರನ್ನು ಹೊರಗೆ ಬಿಡಕೂಡದೆಂದು ಪಾಲಕರು ಹೇಳಿ ಕಳಿಸಿದ್ದರಿಂದ, ಅವರನ್ನು ಪ್ರಾರ್ಥನೆಯ ಹಾಲಿನಲ್ಲಿ ಕೂಡಿಹಾಕಿ, ಕಿಟಕಿ ಮುಚ್ಚಿ, ಗಾಳಿಗೆಂದು ಒಂದೇ ಬಾಗಿಲು ತೆರೆದು, ಮಾಸ್ತರನ್ನು ಕಾವಲಿಗೆ ಕೂರಿಸಿದ್ದರು. ಎಣಿಸಿದಾಗ ಒಬ್ಬ ಕಡಿಮೆ. ಯಾರೆಂದು ಕೇಳುವ ಕಾರಣವಿರಲಿಲ್ಲ.

ಎರಡೂವರೆ ದಾಟಿರಬೇಕು, ಕತ್ತಲೆಯ ಹಿಂಗೋಡೆಯ ಮೇಲೆ ಅಂಗೈಯಗಲದ ಬೆಳಕು ಬಂದು ನಿಂತಿತು. “ಯಾರಲೇ ಅವಾ!” ಎಂದು ಎದ್ದ ಮಾಸ್ತರು ಅಲ್ಲೇ ನಿಂತರು. ಬೆಳಕಿನ ಒಂದು ಮಗ್ಗುಲನ್ನು ಯಾರೋ ಕಚ್ಚಿದಂತಿತ್ತು.

ಕಾಂಪೌಂಡಿನ ಬದಿಯಲ್ಲಿ ಹುಡುಗ ಅರ್ಧ ಅಂಗುಲದ ಚೂರನ್ನು ಕಲ್ಲಿಗೆ ಆನಿಸಿ ಕೂತಿದ್ದ. ಅಷ್ಟು ಸಣ್ಣ ಕನ್ನಡಿ ಸೂಜಿರಂಧ್ರದಂತೆಯೇ ಕೆಲಸ ಮಾಡುತ್ತದೆ. ಗೋಡೆಯ ಮೇಲೆ ಬೀಳುವುದು ಕನ್ನಡಿಯ ಆಕಾರವಲ್ಲ, ಸೂರ್ಯನ ಬಿಂಬ. 50 ಅಡಿ ದೂರಕ್ಕೆ ಅದು ಸುಮಾರು 5.5 ಅಂಗುಲ ಅಗಲವಿರುತ್ತದೆ. (ಮನೆಯಲ್ಲಿ ಮಾಡಿ ನೋಡುವವರು ಕನ್ನಡಿಯ ಬೆಳಕನ್ನು ಯಾರ ಕಣ್ಣಿಗೂ ಹಾಯಿಸಬಾರದು, ತಾವೂ ಅದನ್ನು ಇಣುಕಬಾರದು.) ಭೂಮಿ ತಿರುಗುವುದರಿಂದ ಬಿಂಬ ಎರಡೆರಡು ನಿಮಿಷಕ್ಕೆ ತನ್ನಷ್ಟೇ ಅಗಲ ಸರಿದುಬಿಡುತ್ತದೆ. ಹಾಗಾಗಿ ಕ್ಲಾಸಿನಲ್ಲಿ ಹತ್ತು ನಿಮಿಷ ಕೂರದ ಹುಡುಗ ಬಿಸಿಲಲ್ಲಿ ಒಂದು ತಾಸಿಗೂ ಮಿಕ್ಕಿ ಕೂತು ಚೂರನ್ನು ಕೂದಲೆಳೆಯಷ್ಟು ತಿರುಗಿಸುತ್ತಲೇ ಇದ್ದ. ಒಳಗಿನವರು ಬಿಂಬ ಕುಡುಗೋಲಾಗಿ, ಉಗುರಾಗಿ, ಕೊನೆಗೆ ಎಳೆಯಾಗಿ ಆರಿಹೋಗುವುದನ್ನು ನೋಡಿದರು.

ಹಾಲಿನಲ್ಲಿ ಕತ್ತಲೆ. ಮಾಸ್ತರು ತಡವರಿಸುತ್ತ ಹೊರಗೆ ಬಂದರು. ಹುಡುಗ ಕನ್ನಡಿ ಬಿಟ್ಟು ಮೇಲೆ ನೋಡುತ್ತಿದ್ದ. ಪೂರ್ಣ ಮುಚ್ಚಿದ ಆ ಎರಡು ಚಿಲ್ಲರೆ ನಿಮಿಷ ಬರಿಗಣ್ಣಿಗೆ ಅಪಾಯವಿಲ್ಲ. ಮಾಸ್ತರೂ ನೋಡಿದರು. ಬೆಳಕು ಮರಳಿದಾಗ, “ಆ ದುಂಡನ್ನ ಬೆಳಕು ಯಾಕಂತ ಗೊತ್ತಾತೇನು?” ಎಂದು ಕೇಳಿದರು. “ಹೌದ್ರಿ ಸರ್” ಎಂದ.

ಏಪ್ರಿಲಿನಲ್ಲಿ ಅವನು ಗಣಿತ, ಇಂಗ್ಲಿಷು ಎರಡರಲ್ಲೂ ನಪಾಸಾದ. ಅರಳೆ ಗಿರಣಿಗೆ ಕೆಲಸಕ್ಕೆ ಹಚ್ಚುತ್ತೇನೆಂದು ಅವನಪ್ಪ ಟಿ.ಸಿ. ಕೇಳಲು ಬಂದ. ಇನ್ನೊಂದು ವರ್ಷ ಓದಿಸೆಂದು ಹೇಳುವ ಮನಸ್ಸು ಮಾಸ್ತರಿಗಿತ್ತು. ಆದರೆ ಆ ಮನೆಯಲ್ಲಿ ಹೊಟ್ಟೆಗಳೆಷ್ಟು ಎಂಬುದೂ ಗೊತ್ತಿತ್ತು. ನಡತೆಯ ಕಾಲಮಿನಲ್ಲಿ ಕಾರಕೂನ ‘ಸಾಧಾರಣ’ ಎಂದು ಬರೆದಿದ್ದ. ಮಾಸ್ತರು ಅದನ್ನು ಹೊಡೆಸಿ ‘ಉತ್ತಮ’ ಎಂದು ಬರೆಸಿದರು.

ಅವನಪ್ಪನಿಗೆ ಓದು ಬಾರದು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಗೆ ಇಟ್ಟುಕೊಂಡು, ಕೈಮುಗಿದು ಹೋದ.