ಸಾವಿರ ಗಜದ ಗಾಳಿ

ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿ ನೈಋತ್ಯಕ್ಕೆ ಹೊರಟರೆ ಸುಮಾರು ಮುಕ್ಕಾಲು ತಾಸಿಗೆ ಬ್ರೂಕ್‌ವುಡ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಪ್ರವಾಸಿಗಳು ಇಳಿಯುವ ಊರಲ್ಲ. ದಾರಿಯಲ್ಲಿ ಟೆನಿಸ್ಸಿನ ವಿಂಬಲ್ಡನ್ ಸಿಗುತ್ತದೆ, ಆಮೇಲೆ ವೋಕಿಂಗ್. ವೋಕಿಂಗ್‌ನಲ್ಲಿ ಹಳಿಗೆ ಸಮೀಪವೇ 1889ರಲ್ಲಿ ಕಟ್ಟಿದ ಶಾಹಜಹಾನ್ ಮಸೀದಿ ಇದೆ. ಹೆಸರು ಭೋಪಾಳದ ಬೇಗಮರದು, ನಮ್ಮ ದಿಲ್ಲಿಯ ಬಾದಶಹನದಲ್ಲ. ಎಚ್.ಜಿ. ವೆಲ್ಸ್ ತನ್ನ ಕಾದಂಬರಿಯಲ್ಲಿ ಮಂಗಳ ಗ್ರಹದವರನ್ನು ತಂದು ಇಳಿಸಿದ್ದೂ ಇಲ್ಲಿಯ ಬಯಲಿನಲ್ಲೇ. ಬಿ.ಎ.ಗೆ ಇಂಗ್ಲಿಷ್ ಓದಿದವಳಿಗೆ ಇಂಥಲ್ಲಿ ಕಿಟಕಿಗೆ ಮುಖ ಹಚ್ಚದೆ ಇರಲಾಗುವುದಿಲ್ಲ!

ಬ್ರೂಕ್‌ವುಡ್‌ನಿಂದ ಟ್ಯಾಕ್ಸಿಯಲ್ಲಿ ಐದಾರು ನಿಮಿಷ ಹೋದರೆ ಬಿಸ್ಲೆ ಕ್ಯಾಂಪ್. ಹೋದೊಡನೆ ನನಗೆ ಬೆಳಗಾವಿಯ ಕ್ಯಾಂಪ್ ಪ್ರದೇಶಕ್ಕೆ ಬಂದಂತಾಯಿತು. ಮರದ ಹಳೆಯ ಬಂಗಲೆಗಳು, ಮುಂದೆ ಅಗಲವಾದ ಜಗಲಿ, ಬೆತ್ತದ ಕುರ್ಚಿ, ಗೋಡೆಯ ಮೇಲೆ ಹಳೆಯ ಗುಂಪು ಛಾಯಾಚಿತ್ರ. ಒಂದು ಕಾಲದಲ್ಲಿ ಇಲ್ಲಿಗೇ ಪ್ರತ್ಯೇಕ ರೈಲು ಬರುತ್ತಿತ್ತಂತೆ. 1952ರಲ್ಲಿ ಅದು ನಿಂತಿತು. ಸುತ್ತ ಪೈನ್ ಮರ, ನೇರಳೆ ಹೂವಿನ ಹೆದರ್ ಕುರುಚಲು. ನಡುನಡುವೆ 'ಟಪ್, ಟಪ್' ಎಂದು ಗುಂಡಿನ ಸದ್ದು. ರೇಂಜಿನ ಅಂಚಿನಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ಗುಂಡು ಹಾರುತ್ತಿದೆ ಎಂದು ಅರ್ಥ.

ಇಲ್ಲಿಗೆ ನಾನೇಕೆ ಹೋದೆ ಎನ್ನುತ್ತೀರಾ? 2024ರ ಬೇಸಿಗೆಯಲ್ಲಿ ನಾನು ಲಂಡನ್ನಿನ ಮಗನ ಮನೆಯಲ್ಲಿದ್ದೆ. ನನ್ನ ತಂಗಿಯ ಮಗಳು, ನಿಮ್ಮ ಹಾಗೆಯೇ ದಿಲ್ಲಿಯಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಬೆಳಗಾವಿ ಕನ್ನಡ, ಹೊರಗೆ ಹಿಂದಿ ಆಡುವ ಹುಡುಗಿ, ಒಂದು ವರ್ಷದ ಎಂ.ಎಸ್‌ಸಿ.ಗೆಂದು ಅಲ್ಲಿಗೆ ಬಂದಿದ್ದಳು. ಬಂದವಳು ವಿಶ್ವವಿದ್ಯಾಲಯದ ರೈಫಲ್ ಕ್ಲಬ್ಬು ಸೇರಿಬಿಟ್ಟಿದ್ದಳು. ಜುಲೈನಲ್ಲಿ ಬಿಸ್ಲೆಯ ದೊಡ್ಡ ವಾರ್ಷಿಕ ಕೂಟ. ಅದರಲ್ಲಿ ಸಾವಿರ ಗಜದ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟಿದ್ದಾಳೆಂದು ತಿಳಿದ ಕೂಡಲೇ ಅವಳ ಅಪ್ಪನಿಂದ ನನಗೆ ಫೋನು. "ಅಕ್ಕಾರ, ನೀವರ ಆಕಿಗೆ ಸ್ವಲ್ಪ ತಿಳಿಸಿ ಹೇಳ್ರಿ. ಓದಾಕ ಹೋಗಿ ಬಂದೂಕು ಹಿಡಿಯೂದೇನು? ಖರ್ಚು ಬ್ಯಾರೆ!"

ಬಂದೂಕೆಂದರೆ ನನಗೂ ಪ್ರೀತಿಯಿಲ್ಲ. ಇಂದಿಗೂ ಇಲ್ಲ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿ ಚಪ್ಪಾಳೆ ತಟ್ಟುವಷ್ಟು ಮಾತ್ರ ನನ್ನ ಸಂಬಂಧ. ಆದರೂ ಹೇಳಬೇಕಾದರೆ ಮೊದಲು ನೋಡಬೇಕಲ್ಲ? ಸ್ಪರ್ಧೆಗೆ ಮುಂಚಿನ ಎರಡು ಶನಿವಾರ ಅವಳ ಅಭ್ಯಾಸ ನೋಡಲು ಹೋದೆ.

ಮೊದಲು ಸ್ಥಳದ ಇತಿಹಾಸ ಸ್ವಲ್ಪ. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘ 1859ರಲ್ಲಿ ಹುಟ್ಟಿತು. ಮರುವರ್ಷ ಜುಲೈನಲ್ಲಿ ವಿಂಬಲ್ಡನ್ ಬಯಲಿನಲ್ಲಿ ಮೊದಲ ಕೂಟ. ವಿಕ್ಟೋರಿಯಾ ರಾಣಿಯೇ ಮೊದಲ ಗುಂಡು ಹಾರಿಸಿದಳು. ರೈಫಲನ್ನು ಯಂತ್ರಕ್ಕೆ ಬಿಗಿದು, ಗುರಿ ಹೊಂದಿಸಿಟ್ಟು, ರಾಣಿಯ ಕೈಗೆ ರೇಷ್ಮೆ ದಾರ ಕೊಟ್ಟಿದ್ದರು! ಎಳೆದಳು, 400 ಗಜದಾಚೆ ನಟ್ಟನಡುವೆ ಎನ್ನುವ ಹಾಗೆ ಬಿತ್ತು. 1890ರಲ್ಲಿ ಕೂಟ ಬಿಸ್ಲೆಗೆ ಬಂತು. ಅದರ ಮುಖ್ಯ ಪಂದ್ಯ ಎಲಿಜಬೆತ್ ರಾಣಿಯ ಕಾಲದಲ್ಲಿ 'ಕ್ವೀನ್ಸ್ ಪ್ರೈಜ್', 2023ರಿಂದ ಮತ್ತೆ 'ಕಿಂಗ್ಸ್ ಪ್ರೈಜ್'. ಗೆದ್ದವರನ್ನು ಕುರ್ಚಿಯಲ್ಲಿ ಕೂಡಿಸಿ, ವಾದ್ಯದೊಡನೆ ಹೊತ್ತು ಮೆರೆಸುತ್ತಾರೆ. 1930ರಲ್ಲಿ ಆ ಕುರ್ಚಿಯೇರಿದವಳು ಮಾರ್ಜರಿ ಫಾಸ್ಟರ್ ಎಂಬ ಹೆಣ್ಣುಮಗಳು. ಸೈನ್ಯದ ಒಬ್ಬ ಅಧಿಕಾರಿಯನ್ನು ಒಂದೇ ಅಂಕದಿಂದ ಹಿಂದೆ ಹಾಕಿ ಈ ಪಂದ್ಯ ಗೆದ್ದ ಮೊದಲ ಮಹಿಳೆಯಾದಳು. ಹೆಂಗಸಿಗೂ ಗಂಡಸಿಗೂ ಒಂದೇ ಸಾಲು, ಒಂದೇ ಗುರಿ, ಒಂದೇ ಲೆಕ್ಕ. ಇದು ನನಗೆ ಬಹಳ ಹಿಡಿಸಿತು.

ಇನ್ನೊಂದು ಸೋಜಿಗ. ಇಲ್ಲಿ ದೇಶದೇಶಗಳ ತಂಡಗಳು ಸೆಣಸುವ ಒಂದು ಬಟ್ಟಲಿನ ಹೆಸರು 'ಕೊಲಾಪೋರ್ ಕಪ್'. ನಮ್ಮ ಬೆಳಗಾವಿಯಿಂದ ಬಸ್ಸಿನಲ್ಲಿ ಎರಡೂವರೆ ತಾಸಿನ ಕೊಲ್ಲಾಪುರವೇ ಅದು! ಅಲ್ಲಿಯ ರಾಜರು ಕೊಟ್ಟದ್ದು. ಪಂದ್ಯ 1871ರಿಂದ ನಡೆದುಬಂದಿದೆ. ರಾಜಾರಾಮ ಮಹಾರಾಜರು 1870ರಲ್ಲಿ ಇಂಗ್ಲೆಂಡಿಗೆ ಹೋಗಿ, ಮರಳುವ ದಾರಿಯಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡರು. ಅಲ್ಲಿ ಅವರ ಛತ್ರಿ ಇಂದಿಗೂ ಇದೆ. ಬಿಸ್ಲೆಯಲ್ಲಿ ಆ ಹೆಸರನ್ನು ಆಂಗ್ಲರ ಬಾಯಿಂದ ಕೇಳಿದಾಗ ತವರಿನವರು ಯಾರೋ ಕರೆದಂತಾಯಿತು.

ಇರಲಿ, ಹುಡುಗಿಯ ಸಿದ್ಧತೆಗೆ ಬರೋಣ. ಸಾವಿರ ಗಜವೆಂದರೆ 914 ಮೀಟರು, ಹತ್ತು ಹನ್ನೆರಡು ನಿಮಿಷದ ನಡಿಗೆ. ಗುರಿಹಲಗೆಯ ಮೇಲಿನ ಕಪ್ಪು ವೃತ್ತ ಮೂರೂವರೆ ಅಡಿಗಿಂತ ಅಗಲ. ಆದರೆ ಅಲ್ಲಿಂದ ಅದು ಸಾಸಿವೆ ಕಾಳು. ದುರ್ಬೀನಿನ ರೈಫಲ್ ಅಲ್ಲ; ಹಿಂದೊಂದು ಸಣ್ಣ ತೂತು, ಮುಂದೊಂದು ಬಳೆ, ಅವುಗಳ ನಡುವೆ ಕಪ್ಪು ಚುಕ್ಕೆಯನ್ನು ಕೂಡಿಸಬೇಕು. ಹೊಟ್ಟೆಯ ಮೇಲೆ ಮಲಗಿ, ತೋಳಿಗೆ ಬಿಗಿದ ಪಟ್ಟಿಯ ಆಸರೆಯಲ್ಲಿ ಹಿಡಿಯಬೇಕು. ಕಟ್ಟೆ, ಮೂಟೆ ಯಾವುದರ ಮೇಲೂ ಇಡುವಂತಿಲ್ಲ. ರೈಫಲ್ ಕ್ಲಬ್ಬಿನದು, ಕ್ಲಬ್ಬಿನ ಬೀಗದಲ್ಲೇ ಇರುತ್ತದೆ. ಆದ್ದರಿಂದ ಕೋಣೆಯಲ್ಲಿ ಅಭ್ಯಾಸಕ್ಕೆ ನಮ್ಮ ಹುಡುಗಿ ಪೊರಕೆಯ ಕೋಲಿಗೆ ಪಟ್ಟಿ ಕಟ್ಟಿಕೊಂಡು ದಿನಾ ಇಪ್ಪತ್ತು ನಿಮಿಷ ನೆಲದ ಮೇಲೆ ಮಲಗುತ್ತಿದ್ದಳು! ಕಣ್ಣು ಮುಚ್ಚಿ, ನಾಲ್ಕು ಉಸಿರು ಬಿಟ್ಟು, ಕಣ್ಣು ತೆರೆದಾಗ ಕೋಲು ಎತ್ತ ತೋರಿಸುತ್ತದೋ ಅದೇ ಮೈ ಒಪ್ಪಿದ ದಿಕ್ಕು. ತಪ್ಪಿದ್ದರೆ ಕೈಯಿಂದ ಎಳೆಯಬಾರದು, ಸೊಂಟವನ್ನೇ ಸರಿಸಬೇಕು. ಉಸಿರನ್ನು ಅರ್ಧ ಬಿಟ್ಟು ಹಿಡಿದಾಗ ತೋಳಿನ ನಾಡಿ ಪಟ್ಟಿಗೆ ಬಡಿಯುತ್ತದಂತೆ. ಅದಕ್ಕಾಗಿ ಬೆಳಗಿನ ಕಾಫಿ ಬಿಟ್ಟಿದ್ದಳು. ನಮ್ಮ ಮನೆತನದಲ್ಲಿ ಇದು ಸಣ್ಣ ತ್ಯಾಗವಲ್ಲ.

ಇದೆಲ್ಲ ಅರ್ಧ ಮಾತ್ರ. ಉಳಿದರ್ಧ ಗಾಳಿ. ಗುಂಡು ಸಾವಿರ ಗಜ ದಾಟಲು ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಅದನ್ನು ಏಳೆಂಟು ಅಡಿ ತಳ್ಳಿಬಿಡುತ್ತದೆ. ಅಂದರೆ ಗಾಳಿಯನ್ನು ಮೂರು ಮೈಲಿಯಷ್ಟು ತಪ್ಪಾಗಿ ಅಳೆದರೆ ಗುಂಡು ಎರಡಡಿಗೂ ಮೀರಿ ಆಚೆ ಬೀಳುತ್ತದೆ. ಮೇಲೆ ಕೆಳಗೆ ಹೊಂದಿಸುವ ಲೆಕ್ಕ ಸುಲಭ. ಒಂದು ಡಿಗ್ರಿಯ ಅರವತ್ತನೇ ಪಾಲು ಒಂದು 'ಮಿನಿಟ್'. ಅದು ನೂರು ಗಜದಲ್ಲಿ ಒಂದು ಅಂಗುಲ, ಸಾವಿರದಲ್ಲಿ ಹತ್ತೂವರೆ. ರೈಫಲಿನ ತಿರುಪು ಕಾಲು ಮಿನಿಟಿಗೊಮ್ಮೆ 'ಕ್ಲಿಕ್' ಎನ್ನುತ್ತದೆ. ಮುನ್ನೂರು ಗಜದಿಂದ ಸಾವಿರಕ್ಕೆ ಹೋಗುವಾಗ ಸುಮಾರು 120 ಕ್ಲಿಕ್ ಏರಿಸಬೇಕು. ಒಮ್ಮೆ ಬರೆದಿಟ್ಟುಕೊಂಡರೆ ಹೆಚ್ಚು ಬದಲಾಗುವುದಿಲ್ಲ. ಗಾಳಿ ಮಾತ್ರ ಪ್ರತಿ ಗುಂಡಿಗೂ ಹೊಸದು.

"ಮೌಶೀ, ಗಾಳಿ ಕಣ್ಣಿಗೆ ಕಾಣ್ತದ, ಬಾ ನೋಡು" ಎಂದು ತನ್ನ ದುರ್ಬೀನಿನ ಮುಂದೆ ನನ್ನನ್ನು ಕೂಡಿಸಿದಳು. ಗುರಿಗಿಂತ ಸ್ವಲ್ಪ ಈಚೆಗೆ ದೃಷ್ಟಿ ಹೊಂದಿಸಿದ್ದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಹುಲ್ಲಿನ ಮೇಲೆ ತೆಳ್ಳಗೆ ನೀರು ಹರಿದಂತೆ ಎಡದಿಂದ ಬಲಕ್ಕೆ ಏನೋ ಹರಿಯತೊಡಗಿತು. ಬಿಸಿಲುಗುದುರೆ! ಜೂನ್ ತಿಂಗಳಲ್ಲಿ ದಿಲ್ಲಿಯ ಡಾಂಬರು ರಸ್ತೆಯ ಮೇಲೆ ಕಾಣುವ ಅದೇ ಬಿಸಿಲುಗುದುರೆ. ಅದು ಓರೆಯಾಗಿ ಓಡಿದರೆ ಅಡ್ಡಗಾಳಿ. ಕುದಿಯುವ ಪಾತ್ರೆಯ ಹಬೆಯಂತೆ ನೆಟ್ಟಗೆ ಮೇಲೇರಿದರೆ ಗಾಳಿ ನಿಂತಿದೆ, ಇಲ್ಲವೇ ಎದುರಿನಿಂದಲೋ ಹಿಂದಿನಿಂದಲೋ ಬರುತ್ತಿದೆ. ಜೊತೆಗೆ ರೇಂಜಿನುದ್ದಕ್ಕೂ ಬಾವುಟಗಳು. ಸಮೀಪದ್ದು ಒಂದು ಕಡೆಗೆ, ದೂರದ್ದು ಇನ್ನೊಂದು ಕಡೆಗೆ ಹಾರುವುದೂ ಉಂಟು. ಯಾವುದನ್ನು ನಂಬಬೇಕೆಂಬುದೇ ವಿದ್ಯೆ.

ಪ್ರತಿ ಗುಂಡನ್ನೂ ಅವಳು ಒಂದು ಪುಸ್ತಕದಲ್ಲಿ ಬರೆಯುತ್ತಾಳೆ: ಬಾವುಟ ಎಷ್ಟು ಎದ್ದಿತ್ತು, ತಿರುಪು ಎಷ್ಟಿತ್ತು, ಬಿದ್ದದ್ದು ಎಲ್ಲಿ. ಹಾಲಿನವನ ಲೆಕ್ಕದ ಹಾಗೆ. ಅಂಚಿನಲ್ಲಿ ಕನ್ನಡದಲ್ಲಿ 'ಅವಸರ' ಎಂದು ಎಷ್ಟೋ ಕಡೆ ಬರೆದಿತ್ತು. ಕನ್ನಡ ಓದಲು ಬಾರದ ಜೊತೆಗಾರರು ಇಣುಕಿ ನೋಡಿದರೂ ತಿಳಿಯಬಾರದೆಂದಂತೆ! ಬೇಸಿಗೆ ರಜೆಯಲ್ಲಿ ನಮ್ಮ ಸಂಘದ ಕನ್ನಡ ತರಗತಿಗೆ ಅಳುತ್ತ ಹೋಗುತ್ತಿದ್ದವಳು.

ಎರಡನೆಯ ಶನಿವಾರ ಅವಳದು ಗುರಿಯ ಕಡೆಯ ಕೆಲಸ. ಅಭ್ಯಾಸದ ದಿನ ಹುಡುಗರು ಸರದಿಯ ಮೇಲೆ ಇದನ್ನು ಮಾಡುತ್ತಾರೆ. ಅಪ್ಪಣೆ ಪಡೆದು ನಾನೂ ಹೋದೆ. ಎತ್ತರದ ದಿಬ್ಬದ ಹಿಂದೆ ಕಂದಕ; ಅದರಲ್ಲಿ ನಿಂತು ತಲೆಯ ಮೇಲಿನ ಹಲಗೆ ನೋಡುತ್ತಿರಬೇಕು. ಗುಂಡು ಶಬ್ದಕ್ಕಿಂತ ವೇಗವಾಗಿ ಬರುವುದರಿಂದ ಮೊದಲು ತಲೆಯ ಮೇಲೆ ಚಾಟಿ ಬೀಸಿದಂತೆ 'ಛಟ್!' ಎನ್ನುತ್ತದೆ. ರೈಫಲಿನ ಸದ್ದು ದೂರದಿಂದ ಆಮೇಲೆ ಬರುತ್ತದೆ. ಕಿವಿಗೆ ಮುಚ್ಚಳವಿದ್ದರೂ ಮೊದಲ ಸಲ ನಾನು ರಾಮನಾಮ ಹೇಳಿದೆ. ಹಲಗೆಯನ್ನು ಕೆಳಗೆಳೆದು, ತೂತು ಹುಡುಕಿ, ಅದರಲ್ಲಿ ಬಿಲ್ಲೆ ಸಿಕ್ಕಿಸಿ, ಹಳೆಯ ತೂತಿಗೆ ಕಾಗದ ಅಂಟಿಸಿ, ಮತ್ತೆ ಮೇಲೇರಿಸಬೇಕು. ದಿಬ್ಬದಾಚೆ ಮಲಗಿರುವವನು ಎದುರಾಳಿಯೇ ಇರಲಿ, ಅವನ ಗಡಿಯಾರ ಓಡುತ್ತಿರುತ್ತದೆ, ತಡಮಾಡುವಂತಿಲ್ಲ. ಅಂಕಗಳಿಗೆ ಹಳೆಯ ಹೆಸರುಗಳೂ ಚೆಂದ. ಮೂರು ಅಂಕಕ್ಕೆ 'ಮ್ಯಾಗ್‌ಪೈ', ಕಪ್ಪುಬಿಳುಪು ಹಕ್ಕಿಯ ಹೆಸರು. ಹಿಂದೆ ಆ ಅಂಕಕ್ಕೆ ಕಪ್ಪುಬಿಳುಪಿನ ತಟ್ಟೆ ತೋರಿಸುತ್ತಿದ್ದರಂತೆ. ಈಚೆಗೆ ಕೆಲವು ಕಡೆ ಎಲೆಕ್ಟ್ರಾನಿಕ್ ಹಲಗೆಗಳು ಬಂದಿವೆ. ಅಲ್ಲಿ ಕಂದಕಕ್ಕೆ ಇಳಿಯುವ ಕೆಲಸವೇ ಇಲ್ಲ. ನನಗೇನೋ ಕಂದಕವೇ ಮೇಲೆನಿಸಿತು.

ಸಂಜೆ ಜಗಲಿಯಲ್ಲಿ ಕುಳಿತು ಡಬ್ಬಿಯ ಅವಲಕ್ಕಿ ತಿನ್ನುವಾಗ ಅಪ್ಪನ ಮಾತು ತೆಗೆದೆ. ಅವಳೇನೂ ವಾದಿಸಲಿಲ್ಲ. "ಸೆಪ್ಟೆಂಬರಿಗೆ ಓದು ಮುಗೀತದ ಮೌಶಿ. ದಿಲ್ಲಿಗೆ ಬಂದಮ್ಯಾಲೆ ನಂಗ ಸಾವಿರ ಗಜ ಎಲ್ಲಿ ಸಿಗಬೇಕು? ಗೆಳತ್ಯಾರೆಲ್ಲ ಪ್ಯಾರಿಸ್‌ಗೆ ಹೊಂಟಾರ. ಆ ರೊಕ್ಕ ನಾ ಇದಕ್ಕ ಹಾಕೀನಿ." ಅವಳ ಮಾತು ನಿಜ. ಆಸ್ಪತ್ರೆಯ ದಾದಿಯಂತೆ ದಿನದ ಲೆಕ್ಕ ಬರೆಯುವ ಈ ಹುಡುಗಿಯನ್ನು ನೋಡಿದ ಮೇಲೆ 'ಬಿಡು' ಎನ್ನಲು ನನಗೆ ಬಾಯಿ ಬರಲಿಲ್ಲ. ರಾತ್ರಿ ಅವಳ ಅಪ್ಪನಿಗೆ ಫೋನು ಮಾಡಿ, ನೋಡಿದ್ದನ್ನು ನೋಡಿದಂತೆ ಹೇಳಿದೆ. "ಏನರ ಮಾಡ್ಕೊಳ್ಳಿ" ಎಂದು ಇಟ್ಟುಬಿಟ್ಟರು.

ಸ್ಪರ್ಧೆಯ ದಿನ ಮೋಡ ಬಿಸಿಲು ಎರಡೂ ಇತ್ತು. ಗಾಳಿ ಬಲದಿಂದ. ಜೊತೆಗೆ ಮಲಗಿದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜ. ಒಬ್ಬರು ಹೊಡೆದ ಮೇಲೆ ಇನ್ನೊಬ್ಬರು, ಒಬ್ಬರ ಅಂಕ ಇನ್ನೊಬ್ಬರು ಬರೆಯಬೇಕು. ಸರದಿ ಬಂದ ಮೇಲೆ 45 ಸೆಕೆಂಡು ಮಾತ್ರ. ಗಾಳಿ ಹೀಗಿದೆ ಎಂದು ಯಾರೂ ಹೇಳಿಕೊಡುವಂತಿಲ್ಲ, ಅದು ನಿಯಮ. ಮೊದಲು ಪರೀಕ್ಷೆಗೆ ಎರಡು ಗುಂಡು, ಆಮೇಲೆ ಲೆಕ್ಕಕ್ಕೆ ಹತ್ತು. ಪ್ರತಿಯೊಂದಕ್ಕೂ ಗರಿಷ್ಠ ಐದು.

ಮೊದಲ ಪರೀಕ್ಷೆಯ ಗುಂಡು ಬಲು ಎಡಕ್ಕೆ ಬಿತ್ತು. ಅವಳು ತಿರುಪು ಎಣಿಸಿದ್ದು ಹಿಂದೆ ಕುಳಿತಿದ್ದ ನನಗೆ ಕಾಣುತ್ತಿತ್ತು. ಲೆಕ್ಕದ ಗುಂಡುಗಳು ನಾಲ್ಕು, ಐದು, ನಾಲ್ಕು, ಐದು, ಐದು. ಆರನೆಯದು ಮ್ಯಾಗ್‌ಪೈ. ಏಳು ಮತ್ತು ಎಂಟು ಐದೈದು. ಎಂಟನೆಯದು ನಟ್ಟನಡುವಿನ ವೃತ್ತದಲ್ಲಿ. ಒಂಬತ್ತನೆಯದಕ್ಕೆ ಅವಳು ಬೆರಳು ಒತ್ತುವ ಹೊತ್ತಿಗೆ ಬಾವುಟಗಳೆಲ್ಲ ಒಮ್ಮೆಲೇ ಜೋತುಬಿದ್ದವು. ನನಗೇ ಕಂಡಿತು! ಅವಳ ಕಣ್ಣು ರೈಫಲಿನ ತೂತಿನಲ್ಲಿತ್ತು. ಗುಂಡು ಬಲಕ್ಕೆ ಹೋಗಿ ಎರಡೇ ಅಂಕ. ಹತ್ತನೆಯದನ್ನು ಹೊಡೆಯುವ ಮುನ್ನ ಒಮ್ಮೆ ರೈಫಲ್ ಭುಜದಿಂದ ಇಳಿಸಿದಳು, ದುರ್ಬೀನು ನೋಡಿದಳು, ಮತ್ತೆ ಏರಿಸಿದಳು. ಗಡಿಯಾರ ನೋಡುತ್ತಿದ್ದ ನನಗೆ ಜೀವ ಬಾಯಿಗೆ ಬಂತು. ಐದು.

ಐವತ್ತಕ್ಕೆ 43. ಬಹುಮಾನದ ಹತ್ತಿರಕ್ಕೂ ಬರುವ ಅಂಕವಲ್ಲ. ನುರಿತವರು 48, 49 ಎನ್ನುತ್ತ ಓಡಾಡುತ್ತಿದ್ದರು. ಅಜ್ಜ ಅವಳ ಚೀಟಿಗೆ ಸಹಿ ಹಾಕಿ ಕೈಕುಲುಕಿದರು. ಅವಳು ಪುಸ್ತಕದಲ್ಲಿ ಒಂಬತ್ತನೆಯದರ ಮುಂದೆ ಏನೋ ಬರೆದು, ಮೊದಲ ಕೆಲಸವಾಗಿ ಫ್ಲಾಸ್ಕಿನ ಕಾಫಿ ಕೇಳಿದಳು. ಅಪ್ಪನಿಗೆ ತಾನೇ ಫೋನು ಮಾಡಿದಳು. ಹತ್ತು ನಿಮಿಷ ಮಾತಾಡಿದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ.

ನಮ್ಮ ದಿಲ್ಲಿಯ ಮಕ್ಕಳಿಗೆ ಇನ್ನೊಂದು ಮಾತು. 2002ರ ಕಾಮನ್‌ವೆಲ್ತ್ ಕ್ರೀಡೆ ಮ್ಯಾಂಚೆಸ್ಟರಿನಲ್ಲಾದರೂ ಗುಂಡಿನ ಸ್ಪರ್ಧೆಗಳು ನಡೆದದ್ದು ಬಿಸ್ಲೆಯಲ್ಲಿ. ನಮ್ಮ ಅಂಜಲಿ ಭಾಗವತ್ ನಾಲ್ಕು ಚಿನ್ನ ಗೆದ್ದರು. 2010ರಲ್ಲಿ ದಿಲ್ಲಿಗೆ ಬಂದಾಗ ದೂರದ ರೈಫಲ್ ಸ್ಪರ್ಧೆ ನಡೆದದ್ದು ಗುಡಗಾಂವ್ ಕಡೆಯ ಕಾದರ್‌ಪುರದ ಸಿ.ಆರ್.ಪಿ.ಎಫ್. ರೇಂಜಿನಲ್ಲಿ. ವೈಯಕ್ತಿಕ ಚಿನ್ನ ಗೆದ್ದವರು ಇಂಗ್ಲೆಂಡಿನ ಪರವಾಗಿ ಬಂದಿದ್ದ ಪರಾಗ್ ಪಟೇಲ್! ಆ ರೇಂಜು ಪಡೆಯವರದು, ನೀವು ನಾವು ಹೋಗಿ ಹೊಡೆಯುವ ಜಾಗವಲ್ಲ. ನಮ್ಮ ಹುಡುಗಿ ಈಗ ತುಘಲಕಾಬಾದಿನ ಕರ್ಣಿಸಿಂಗ್ ರೇಂಜಿನಲ್ಲಿ ಹತ್ತು ಮೀಟರಿನ ಏರ್ ರೈಫಲ್ ಹಿಡಿದಿದ್ದಾಳೆ. ಅಲ್ಲಿ ನಾಲ್ಕು ಗೋಡೆ, ಗಾಳಿಯೇ ಇಲ್ಲ. ಬೇಜಾರು ಎನ್ನುತ್ತಾಳೆ, ಆದರೂ ತಪ್ಪಿಸುವುದಿಲ್ಲ. ರಾಜ್ಯೋತ್ಸವದ ದಿನ ಸಂಘಕ್ಕೆ ಬರುತ್ತಾಳೆ. ಕುತೂಹಲವಿದ್ದವರು ಆ ಪುಸ್ತಕ ಕೇಳಿ ನೋಡಿ; ತೋರಿಸುತ್ತಾಳೆ.