ನಾಗಂದಿಗೆ

ಹಳೆಯ ಕಾಲದ ಮನೆಗಳ ಮಣ್ಣಿನ ಗೋಡೆಗಳು ಬಹು ದಪ್ಪವಾಗಿದ್ದವು. ದೀಪಕ್ಕೊಂದು ಗೂಡು, ಅಂಗವಸ್ತ್ರಕ್ಕೊಂದು ಗೂಟ, ತಲೆಗೆ ತಾಕದ ಎತ್ತರದಲ್ಲಿ ನಾಗಂದಿಗೆ; ನೆಲವು ನಡೆಯುವವರಿಗೆ ಮೀಸಲು. ಇಂದಿನ ಇಟ್ಟಿಗೆಯ ಗೋಡೆ 9 ಅಂಗುಲವಿದ್ದರೆ ಹೆಚ್ಚು. ಅದರಲ್ಲಿ ಗೂಡಿಗೆ ಎಡೆಯೆಲ್ಲಿ? ಸಾಮಾನುಗಳೆಲ್ಲ ನೆಲಕ್ಕಿಳಿದವು.

ಮೈಸೂರಿನಲ್ಲೊಂದು ಪುಟ್ಟ ಮನೆ. ಅಡುಗೆಮನೆಯಿಂದ ಪಡಸಾಲೆಗೆ ಬರಲು 3 ಅಡಿ ಅಗಲದ, ಓಣಿಯಂಥ ಹಾದಿ. ಮಗನು ಅಲ್ಲಿ ಒಂದು ಬೀರುವನ್ನು ತಂದಿರಿಸಿದನು. ಹರಡಿಕೊಂಡಿದ್ದ ಪುಸ್ತಕ, ಪಾತ್ರೆಗಳೆಲ್ಲ ಅದರೊಳಗೆ ಸೇರಿದವು; ಮನೆ ಚೊಕ್ಕಟವಾಯಿತು. ಆದರೆ ದೃಷ್ಟಿ ಮಂದವಾಗಿದ್ದ ತಾಯಿ ಸಂಜೆಯ ಹೊತ್ತು ಪಡಸಾಲೆಗೆ ಬರುವುದನ್ನೇ ಬಿಟ್ಟರು. ಕಾರಣ ಕೇಳಿದಾಗ, “ಗೋಡೆ ಕೈಗೆ ಸಿಗುತ್ತಿಲ್ಲವಪ್ಪ” ಎಂದರು. ಅಷ್ಟು ದಿನವೂ ಆಕೆ ಗೋಡೆಯನ್ನು ಹಿಡಿದೇ ನಡೆಯುತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ.

ಮರುದಿನವೇ ಬೀರು ಹೊರಗೆ ಹೋಯಿತು. ಬಡಗಿಯು ಬಂದು, ಬಾಗಿಲಿಗಿಂತ ಮೇಲೆ, 7 ಅಡಿ ಎತ್ತರದಲ್ಲಿ, ಗೋಡೆಯುದ್ದಕ್ಕೂ 1 ಅಡಿ ಅಗಲದ ಹಲಗೆಯನ್ನು ಜೋಡಿಸಿದನು. ನಿತ್ಯ ಬೇಕಾಗದ ಸಾಮಾನುಗಳು ಅದರ ಮೇಲೇರಿದವು. ಹಿಡಿಸದೆ ಉಳಿದವು ಬೇಕಾದವರ ಮನೆ ಸೇರಿದವು.

ಅಂದು ಸಂಜೆ ಓಣಿಯಲ್ಲಿ ಬಳೆಯ ಸದ್ದು ಕೇಳಿಸಿತು. ತಾಯಿ ಗೋಡೆಯನ್ನು ಸವರುತ್ತ ಪಡಸಾಲೆಗೆ ಬರುತ್ತಿದ್ದರು. ವಸ್ತುಗಳಿಗೆ ಎಡೆ ಮಾಡುವ ಮುನ್ನ, ಆ ಎಡೆ ಯಾರದೆಂದು ಅರಿಯುವುದು ಗೃಹಸ್ಥನ ಮೊದಲ ಕರ್ತವ್ಯ.